ಹದಿನಾಲ್ಕು ಆಂಗ್‌ಸ್ಟ್ರಾಂ: ಪ್ರೋಟೀನಿನೊಳಗೆ ಎಲೆಕ್ಟ್ರಾನ್ ಸಾಗುವ ಬಗೆ



ಈ ಉಪನ್ಯಾಸದ ದತ್ತಿಯನ್ನಿಟ್ಟವರು ಬದುಕಿಡೀ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದವರು. ಉಪನ್ಯಾಸ ಕನ್ನಡದಲ್ಲೇ ಆಗಬೇಕು, ಹಾಗೆಂದು ವಿಷಯವನ್ನು ತೆಳುಮಾಡಬಾರದು ಎಂಬುದು ಅವರ ಷರತ್ತು ಎಂದು ಸಂಘಟಕರು ತಿಳಿಸಿದರು. ಅದಕ್ಕೆ ತಲೆಬಾಗಿ ನಾನು ಆರಿಸಿಕೊಂಡ ವಿಷಯ ಇದು: ಅಣುವಿನ ಬಂಧಗಳ ಮೂಲಕ, ಅದರಲ್ಲೂ ಪ್ರೋಟೀನಿನ ಒಡಲಿನ ಮೂಲಕ, ಎಲೆಕ್ಟ್ರಾನ್ ಹೇಗೆ ಸಾಗುತ್ತದೆ?

ಮೊದಲು ಒಂದು ಲೆಕ್ಕ ಹಾಕೋಣ. ಸುಮ್ಮನೆ ಕೂತಿರುವ ವಯಸ್ಕರೊಬ್ಬರು ನಿಮಿಷಕ್ಕೆ ಸುಮಾರು 250 ಮಿಲಿಲೀಟರ್ ಆಮ್ಲಜನಕವನ್ನು ಬಳಸುತ್ತಾರೆ. ಆಮ್ಲಜನಕದ ಒಂದೊಂದು ಅಣುವೂ ನೀರಾಗಬೇಕಾದರೆ ನಾಲ್ಕು ಎಲೆಕ್ಟ್ರಾನ್‌ಗಳನ್ನು ಪಡೆಯಬೇಕು. 250 ಮಿಲಿಲೀಟರಿನಲ್ಲಿರುವ ಅಣುಗಳನ್ನು ಎಣಿಸಿ, ನಾಲ್ಕರಿಂದ ಗುಣಿಸಿ, ಎಲೆಕ್ಟ್ರಾನಿನ ವಿದ್ಯುದಂಶದಿಂದ ಗುಣಿಸಿ, ಅರವತ್ತು ಸೆಕೆಂಡಿನಿಂದ ಭಾಗಿಸಿ. ಉತ್ತರ ಸುಮಾರು 70 ಆಂಪಿಯರ್. ಈ ಸಭಾಂಗಣದಲ್ಲಿ ಕೂತ ಒಬ್ಬೊಬ್ಬರ ಮೈಯಲ್ಲೂ ಈ ಕ್ಷಣ ಅಷ್ಟು ವಿದ್ಯುತ್ ಪ್ರವಾಹವಿದೆ. ಅದು ಇಳಿಯುವ ಮಟ್ಟ ಸುಮಾರು 1.1 ವೋಲ್ಟ್. ಎರಡನ್ನೂ ಗುಣಿಸಿದರೆ ಹೆಚ್ಚುಕಡಿಮೆ 80 ವಾಟ್. ನಾವು ಬದುಕಿರುವುದು ಆ ಶಕ್ತಿಯಲ್ಲಿ. ಪ್ರವಾಹ ಎಣಿಕೆಗೆ ಮೀರಿದಷ್ಟು ಮೈಟೊಕಾಂಡ್ರಿಯಗಳಲ್ಲಿ ಹಂಚಿಹೋಗಿರುವುದರಿಂದ ನಮಗೆ ಶಾಕ್ ಹೊಡೆಯುವುದಿಲ್ಲ.

ಆದರೆ ಈ 70 ಆಂಪಿಯರ್ ಹರಿಯಲು ತಂತಿ ಎಲ್ಲಿದೆ? ನಮ್ಮೊಳಗೆ ತಾಮ್ರದ ಎಳೆಗಳಿಲ್ಲ. ಇರುವುದು ಪ್ರೋಟೀನು. ಕೂದಲು, ಉಗುರು, ರೇಷ್ಮೆ, ಉಣ್ಣೆ ಎಲ್ಲವೂ ಪ್ರೋಟೀನೇ, ಮತ್ತು ಅವುಗಳಲ್ಲಿ ಯಾವುದೂ ವಿದ್ಯುತ್ತನ್ನು ಒಯ್ಯುವುದಿಲ್ಲ. ವಿದ್ಯುತ್ತನ್ನು ತಡೆಯುವ ವಸ್ತುವಿನೊಳಗಿಂದಲೇ ಜೀವದ ಅಷ್ಟೂ ವಿದ್ಯುತ್ತು ಹಾಯುತ್ತದೆ. ಇಂದಿನ ನನ್ನ ಮಾತೆಲ್ಲ ಈ ವಿರೋಧಾಭಾಸದ ಸುತ್ತಲೇ.

ಇದನ್ನು ಮೊದಲು ಗಟ್ಟಿಯಾಗಿ ಕೇಳಿದವರು ಹಂಗೆರಿಯ ಆಲ್ಬರ್ಟ್ ಸೆಂಟ್-ಜ್ಯೋರ್ಜಿ. ಸಿ ಜೀವಸತ್ವದ ಕೆಲಸಕ್ಕಾಗಿ 1937ರಲ್ಲಿ ನೊಬೆಲ್ ಪಡೆದಿದ್ದವರು. 1941ರ ಮಾರ್ಚಿನಲ್ಲಿ, ಯುದ್ಧದ ನಡುವೆ, ಬುಡಾಪೆಸ್ಟಿನಲ್ಲಿ ಅವರು ಒಂದು ಸ್ಮಾರಕ ಉಪನ್ಯಾಸ ಕೊಟ್ಟರು. ಲೋಹಗಳಲ್ಲಿ, ಅರೆವಾಹಕಗಳಲ್ಲಿ ಎಲೆಕ್ಟ್ರಾನ್‌ಗಳು ಒಂದು ಪರಮಾಣುವಿಗೆ ಕಟ್ಟುಬೀಳದೆ ಇಡೀ ಹರಳಿಗೇ ಸೇರಿರುತ್ತವಲ್ಲ, ಪ್ರೋಟೀನಿನಲ್ಲೂ ಹಾಗೆಯೇ ಏಕಾಗಬಾರದು ಎಂದು ಕೇಳಿದರು. ಅದಕ್ಕೆ ಉತ್ತರ ಸಿಗಲು ತಡವಾಗಲಿಲ್ಲ. 1949ರಲ್ಲಿ ಎವಾನ್ಸ್ ಮತ್ತು ಗೆರ್ಗೆಲಿ ಲೆಕ್ಕ ಹಾಕಿ, ಪ್ರೋಟೀನಿನಲ್ಲಿ ತುಂಬಿದ ಮಟ್ಟಗಳಿಗೂ ಖಾಲಿ ಮಟ್ಟಗಳಿಗೂ ನಡುವಿನ ಅಂತರ ಕೆಲವು ಎಲೆಕ್ಟ್ರಾನ್ ವೋಲ್ಟ್‌ಗಳಷ್ಟು ಎಂದು ತೋರಿಸಿದರು. ಮೈಯ ಬಿಸಿ ಒಂದು ಎಲೆಕ್ಟ್ರಾನಿಗೆ ಕೊಡಬಲ್ಲ ಶಕ್ತಿ ಅದರ ನೂರನೆಯ ಒಂದು ಭಾಗವೂ ಅಲ್ಲ. ಸೆಂಟ್-ಜ್ಯೋರ್ಜಿ ಊಹಿಸಿದ ದಾರಿ ಮುಚ್ಚಿಹೋಯಿತು. ಆದರೂ ಆ ಉಪನ್ಯಾಸವನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ. ಜೀವರಸಾಯನವನ್ನು ಅಣುಗಳ ಪಟ್ಟಿಯಾಗಿ ಅಲ್ಲ, ಎಲೆಕ್ಟ್ರಾನ್‌ಗಳ ಪಯಣವಾಗಿ ನೋಡಬಹುದೆಂದು ತೋರಿಸಿದ್ದು ಅದೇ.

ಬೇರೆ ದಾರಿ ಇದೆ ಎಂಬುದಕ್ಕೆ ಸಾಕ್ಷ್ಯ ಸಿಕ್ಕಿದ್ದು 1966ರಲ್ಲಿ. ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ ಡಾನ್ ಡಿವಾಲ್ಟ್ ಮತ್ತು ಬ್ರಿಟನ್ ಚಾನ್ಸ್ ಒಂದು ಪ್ರಯೋಗ ಮಾಡಿದರು. (ಈ ಚಾನ್ಸ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಹಾಯಿದೋಣಿ ಸ್ಪರ್ಧೆಯಲ್ಲಿ ಚಿನ್ನ ಗೆದ್ದವರು ಕೂಡ. ಪ್ರಯೋಗಶಾಲೆಯ ಉಪಕರಣಗಳನ್ನು ತಾವೇ ಕಟ್ಟುವ ಕೈ ಅವರದು.) ಕ್ರೊಮೇಷಿಯಂ ಎಂಬ ನೇರಳೆ ಬ್ಯಾಕ್ಟೀರಿಯ ಬೆಳಕಿನಿಂದ ಬದುಕುತ್ತದೆ. ಅದರ ಮೇಲೆ ಲೇಸರಿನ ಒಂದು ಮಿಂಚು ಹೊಡೆದರೆ ಕ್ಲೋರೊಫಿಲ್ ಒಂದು ಎಲೆಕ್ಟ್ರಾನನ್ನು ಕಳೆದುಕೊಳ್ಳುತ್ತದೆ. ಆ ತೆರವನ್ನು ತುಂಬಲು ಪಕ್ಕದ ಸೈಟೊಕ್ರೋಮ್ ಎಂಬ ಪ್ರೋಟೀನಿನಿಂದ ಎಲೆಕ್ಟ್ರಾನ್ ಬರುತ್ತದೆ. ಎಲೆಕ್ಟ್ರಾನ್ ಹೋದ ಕೂಡಲೇ ಸೈಟೊಕ್ರೋಮಿನ ಬಣ್ಣ ಬದಲಾಗುತ್ತದೆ, ಅದನ್ನು ನೋಡಿ ವೇಗ ಅಳೆಯಬಹುದು. ಕೋಣೆಯ ಉಷ್ಣತೆಯಲ್ಲಿ ಇದಕ್ಕೆ ಸುಮಾರು 2 ಮೈಕ್ರೊಸೆಕೆಂಡ್ ಬೇಕಾಯಿತು. ತಣ್ಣಗೆ ಮಾಡುತ್ತ ಹೋದಂತೆ ವೇಗ ಇಳಿಯುತ್ತ ಬಂತು, ಯಾವುದೇ ರಾಸಾಯನಿಕ ಕ್ರಿಯೆಯಲ್ಲಿ ಆಗುವಂತೆಯೇ. ಮೈನಸ್ 150 ಡಿಗ್ರಿಯ ಆಸುಪಾಸಿಗೆ ಬಂದಾಗ ಎರಡು ಮೈಕ್ರೊಸೆಕೆಂಡಿನ ಕೆಲಸಕ್ಕೆ ಎರಡು ಮಿಲಿಸೆಕೆಂಡ್ ಬೇಕಾಗುತ್ತಿತ್ತು.

ಅಲ್ಲಿಂದ ಮುಂದೆ ಎಷ್ಟು ತಣ್ಣಗೆ ಮಾಡಿದರೂ ವೇಗ ಕದಲಲಿಲ್ಲ. ಮರುವರ್ಷ ಸಂಪೂರ್ಣ ಶೂನ್ಯಕ್ಕಿಂತ ಕೇವಲ 4.5 ಡಿಗ್ರಿ ಮೇಲಿನವರೆಗೆ ಇಳಿಸಿದರು. ಅಲ್ಲಿಯೂ ಅದೇ ಎರಡು ಮಿಲಿಸೆಕೆಂಡ್.

ಇದರ ಅರ್ಥವನ್ನು ಒಂದಿಷ್ಟು ನಿಂತು ನೋಡಬೇಕು. ಶಾಖ ಒದಗಿಸುವ ನೂಕುಬಲವೆಲ್ಲ ಅಲ್ಲಿ ಸತ್ತುಹೋಗಿದೆ. ಅಡ್ಡ ನಿಂತ ಶಕ್ತಿಯ ಗೋಡೆಯನ್ನು ಹತ್ತಿ ದಾಟಲು ಎಲೆಕ್ಟ್ರಾನಿಗೆ ಯಾವ ಆಸರೆಯೂ ಇಲ್ಲ. ಆದರೂ ಅದು ಆಚೆ ಹೋಗುತ್ತಿದೆ. ಎಂದರೆ ಹತ್ತಿ ಹೋಗುತ್ತಿಲ್ಲ, ಗೋಡೆಯ ಒಳಗಿಂದಲೇ ಹೋಗುತ್ತಿದೆ. ಕ್ವಾಂಟಂ ಭೌತಶಾಸ್ತ್ರದ ಟನೆಲಿಂಗ್ ಇದು. ಎಲೆಕ್ಟ್ರಾನಿನ ಅಲೆ ಗೋಡೆಯೊಳಗೆ ಥಟ್ಟನೆ ನಿಲ್ಲುವುದಿಲ್ಲ, ಕ್ಷೀಣಿಸುತ್ತ ಹೋಗುತ್ತದೆ. ಗೋಡೆ ತೆಳುವಾಗಿದ್ದರೆ ಆಚೆ ಬದಿಯಲ್ಲಿ ಅದರ ಕೊನೆಯ ಅಂಚು ಉಳಿದಿರುತ್ತದೆ. ಉಳಿದಷ್ಟು ಸಂಭವನೀಯತೆಯಲ್ಲಿ ಎಲೆಕ್ಟ್ರಾನ್ ಅಲ್ಲಿ ಸಿಗುತ್ತದೆ. 1974ರಲ್ಲಿ ಜಾನ್ ಹಾಪ್‌ಫೀಲ್ಡ್ ಈ ಇಡೀ ಚಿತ್ರಕ್ಕೆ ಗಣಿತದ ರೂಪ ಕೊಟ್ಟರು. ಕೃತಕ ನರಜಾಲಗಳ ಕೆಲಸಕ್ಕಾಗಿ 2024ರ ಭೌತಶಾಸ್ತ್ರದ ನೊಬೆಲ್ ಪಡೆದ ಹಾಪ್‌ಫೀಲ್ಡ್ ಅವರೇ ಇವರು.

ಹಾಗಾದರೆ ಕೋಣೆಯ ಉಷ್ಣತೆಯಲ್ಲಿ ವೇಗ ಸಾವಿರ ಪಟ್ಟು ಹೆಚ್ಚಾಗುವುದು ಏಕೆ? ಟನೆಲಿಂಗಿಗೆ ಶಾಖ ಬೇಡವಲ್ಲ? ಇದಕ್ಕೆ ಉತ್ತರ ರುಡಾಲ್ಫ್ ಮಾರ್ಕಸ್ ಅವರಲ್ಲಿದೆ. ನನ್ನ ಪ್ರಕಾರ ಕಳೆದ ಶತಮಾನದ ರಸಾಯನಶಾಸ್ತ್ರದಲ್ಲಿ ಇಷ್ಟು ಸರಳವಾಗಿ ಇಷ್ಟು ದೂರ ಕಂಡ ಸಿದ್ಧಾಂತ ಇನ್ನೊಂದಿಲ್ಲ.

ನೀರಿನಲ್ಲಿ ಕರಗಿದ ಕಬ್ಬಿಣದ ಎರಡು ಅಯಾನುಗಳನ್ನು ಕಲ್ಪಿಸಿಕೊಳ್ಳಿ. ಒಂದರ ಮೇಲೆ ಎರಡು ಧನ ವಿದ್ಯುದಂಶ, ಇನ್ನೊಂದರ ಮೇಲೆ ಮೂರು. ಮೊದಲನೆಯದು ಎರಡನೆಯದಕ್ಕೆ ಒಂದು ಎಲೆಕ್ಟ್ರಾನ್ ಕೊಟ್ಟರೆ ಎರಡೂ ಪಾತ್ರ ಬದಲಿಸಿಕೊಳ್ಳುತ್ತವೆ. ಯಾವ ಬಂಧವೂ ಮುರಿಯಲಿಲ್ಲ, ಹೊಸದು ಹುಟ್ಟಲಿಲ್ಲ, ಶಕ್ತಿ ಬಿಡುಗಡೆಯಾಗಲಿಲ್ಲ, ಖರ್ಚಾಗಲೂ ಇಲ್ಲ. ಇದಕ್ಕಿಂತ ಸರಳ ಕ್ರಿಯೆ ರಸಾಯನಶಾಸ್ತ್ರದಲ್ಲಿಲ್ಲ. ಎರಡನೆಯ ಮಹಾಯುದ್ಧದ ನಂತರ ವಿಕಿರಣಶೀಲ ಐಸೊಟೋಪುಗಳು ಕೈಗೆ ಸಿಕ್ಕಾಗ ಇಂಥ ಕ್ರಿಯೆಗಳನ್ನು ಅಳೆದರು. ಕ್ಷಣಾರ್ಧದಲ್ಲಿ ಆಗಬೇಕಾದದ್ದು ತೀರ ನಿಧಾನವಾಗಿ ಆಗುತ್ತಿತ್ತು.

1952ರಲ್ಲಿ ವಿಲರ್ಡ್ ಲಿಬ್ಬಿ ಕಾರಣದ ಸುಳಿವು ಕೊಟ್ಟರು. ಪ್ರತಿ ಕಬ್ಬಿಣದ ಅಯಾನಿನ ಸುತ್ತ ಆರು ನೀರಿನ ಅಣುಗಳು ಅಂಟಿಕೊಂಡಿರುತ್ತವೆ. ಮೂರು ವಿದ್ಯುದಂಶದ ಅಯಾನು ಅವನ್ನು ಬಿಗಿಯಾಗಿ, ಸುಮಾರು 2.0 ಆಂಗ್‌ಸ್ಟ್ರಾಂ ದೂರದಲ್ಲಿ ಹಿಡಿದಿರುತ್ತದೆ. ಎರಡರದ್ದು ಸ್ವಲ್ಪ ಸಡಿಲವಾಗಿ, 2.1ರಲ್ಲಿ. (ಆಂಗ್‌ಸ್ಟ್ರಾಂ ಎಂದರೆ ಮೀಟರಿನ ಸಾವಿರ ಕೋಟಿಯಲ್ಲಿ ಒಂದು ಭಾಗ. ಎರಡು ಇಂಗಾಲಗಳ ನಡುವಿನ ಸಾಮಾನ್ಯ ಬಂಧದ ಉದ್ದ 1.54.) ಎಲೆಕ್ಟ್ರಾನ್ ಹಗುರ, ಚುರುಕು, ಪರಮಾಣು ಭಾರ, ನಿಧಾನ. ಎಲೆಕ್ಟ್ರಾನ್ ಜಿಗಿದ ಕ್ಷಣದಲ್ಲಿ ನೀರಿನ ಅಣುಗಳು ಹಳೆಯ ಜಾಗದಲ್ಲೇ ಇರುತ್ತವೆ, ಹೊಸ ವಿದ್ಯುದಂಶಕ್ಕೆ ಅದು ತಪ್ಪು ಜಾಗ. ಲಿಬ್ಬಿ ಇಲ್ಲಿಗೆ ನಿಂತರು. ಆಗ ನ್ಯೂಯಾರ್ಕಿನ ಬ್ರೂಕ್ಲಿನ್ ಪಾಲಿಟೆಕ್ನಿಕ್‌ನಲ್ಲಿದ್ದ ಮಾರ್ಕಸ್ ಆ ಲೇಖನ ಓದಿ ಒಂದು ತೊಡಕು ಕಂಡರು: ತಪ್ಪು ಜಾಗದಲ್ಲಿ ನಿಂತ ಅಣುಗಳ ಹೆಚ್ಚುವರಿ ಶಕ್ತಿ ಎಲ್ಲಿಂದ ಬಂತು? ಕತ್ತಲಲ್ಲಿ ನಡೆಯುವ ಕ್ರಿಯೆಗೆ ಹೊರಗಿನಿಂದ ಶಕ್ತಿ ಕೊಡುವವರು ಯಾರೂ ಇಲ್ಲ.

ಮಾರ್ಕಸ್ 1956ರಲ್ಲಿ ಪ್ರಕಟಿಸಿದ ಉತ್ತರ ಕ್ರಮವನ್ನೇ ತಿರುಗಿಸುತ್ತದೆ. ಮೊದಲು ಎಲೆಕ್ಟ್ರಾನ್, ಆಮೇಲೆ ಪರಿಸರ ಎಂದಲ್ಲ. ಮೊದಲು ಪರಿಸರ, ಆಮೇಲೆ ಎಲೆಕ್ಟ್ರಾನ್. ಶಾಖದಿಂದಾಗಿ ಸುತ್ತಲಿನ ಅಣುಗಳು ಸದಾ ತುಯ್ದಾಡುತ್ತಿರುತ್ತವೆ. ಹಾಗೆ ತುಯ್ದಾಡುವಾಗ ಎಂದೋ ಒಮ್ಮೆ, ಆಕಸ್ಮಿಕವಾಗಿ, ಎಲೆಕ್ಟ್ರಾನ್ ಇಲ್ಲಿದ್ದರೂ ಅಲ್ಲಿದ್ದರೂ ಒಟ್ಟು ಶಕ್ತಿ ಒಂದೇ ಆಗುವಂಥ ವಿನ್ಯಾಸಕ್ಕೆ ಅವು ಬರುತ್ತವೆ. ಆ ಕ್ಷಣದಲ್ಲಿ ಮಾತ್ರ ಎಲೆಕ್ಟ್ರಾನ್ ಹಾಯಬಲ್ಲದು. ನಾವು ಶಾಖ ಕೊಟ್ಟಾಗ ವೇಗ ಹೆಚ್ಚುವುದು ಎಲೆಕ್ಟ್ರಾನಿಗೆ ಬಲ ಬಂದದ್ದರಿಂದಲ್ಲ, ಅಂಥ ಕ್ಷಣಗಳು ಪದೇಪದೇ ಒದಗುವುದರಿಂದ. ಎಲೆಕ್ಟ್ರಾನ್ ಹೋದ ಮೇಲೆ ಪರಿಸರ ಹೊಸ ಸ್ಥಿತಿಗೆ ಹೊಂದಿಕೊಳ್ಳಲು ಎಷ್ಟು ಶಕ್ತಿಯ ಬದಲಾವಣೆ ಬೇಕೋ ಅದಕ್ಕೆ ಪುನರ್ವಿನ್ಯಾಸ ಶಕ್ತಿ ಎನ್ನುತ್ತಾರೆ. ಅದು ಕಡಿಮೆಯಿದ್ದಷ್ಟೂ ಹಾಯುವುದು ಸುಲಭ.

ಇದರಿಂದ ಹೊರಟ ಒಂದು ಮುನ್ಸೂಚನೆ ದಶಕಗಳ ಕಾಲ ನಂಬಲಾಗದಂತಿತ್ತು. ಕ್ರಿಯೆ ಬಿಡುಗಡೆ ಮಾಡುವ ಶಕ್ತಿ ಹೆಚ್ಚಿದಂತೆ ವೇಗ ಹೆಚ್ಚಬೇಕು, ಸರಿ. ಆದರೆ ಆ ಶಕ್ತಿ ಪುನರ್ವಿನ್ಯಾಸ ಶಕ್ತಿಯನ್ನು ಮೀರಿದರೆ ವೇಗ ಮತ್ತೆ ಇಳಿಯಬೇಕು ಎಂದಿತು ಮಾರ್ಕಸ್‌ನ ಸಮೀಕರಣ. ಹೆಚ್ಚು ಆಮಿಷ, ಕಡಿಮೆ ವೇಗ! ಇದನ್ನು ವಿಲೋಮ ವಲಯ ಎನ್ನುತ್ತಾರೆ. ಬಹಳ ಮಂದಿ ಹುಡುಕಿದರು, ಸಿಗಲಿಲ್ಲ. ದ್ರಾವಣದಲ್ಲಿ ಅಣುಗಳು ಒಂದನ್ನೊಂದು ಸಂಧಿಸಲು ತಗಲುವ ಹೊತ್ತೇ ನಿಜವಾದ ವೇಗವನ್ನು ಮರೆಮಾಡುತ್ತಿತ್ತು. 1984ರಲ್ಲಿ ಷಿಕಾಗೊದ ಜಾನ್ ಮಿಲ್ಲರ್, ಕಾಲ್ಕಟೆರ್ರಾ, ಗೆರ್ಹಾರ್ಡ್ ಕ್ಲಾಸ್ ಸಂಧಿಸುವ ತಾಪತ್ರಯವನ್ನೇ ತೆಗೆದುಹಾಕಿದರು. ಗಡುಸಾದ ಒಂದು ಸ್ಟೀರಾಯ್ಡ್ ಅಣುವಿನ ಒಂದು ತುದಿಗೆ ಕೊಡುವ ಗುಂಪನ್ನು, ಇನ್ನೊಂದು ತುದಿಗೆ ಪಡೆಯುವ ಗುಂಪನ್ನು ಕಟ್ಟಿದರು. ನಡುವಿನ ದೂರ ಸುಮಾರು 10 ಆಂಗ್‌ಸ್ಟ್ರಾಂ, ಅದು ಬದಲಾಗುವಂತಿಲ್ಲ. ಪಡೆಯುವ ಗುಂಪನ್ನು ಎಂಟು ಬಗೆಯಲ್ಲಿ ಬದಲಿಸಿ ಅಳೆದಾಗ ವೇಗ ಏರಿತು, ಶಿಖರ ಮುಟ್ಟಿತು, ಇಳಿಯಿತು. ಮಾರ್ಕಸ್‌ಗೆ ನೊಬೆಲ್ ಬಂದದ್ದು 1992ರಲ್ಲಿ.

ಈಗ ಬಂಧಗಳ ಪ್ರಶ್ನೆಗೆ ಬರುತ್ತೇನೆ. ಆ ಸ್ಟೀರಾಯ್ಡಿನ ನಡುವೆ ಇರುವುದು ಇಂಗಾಲ-ಇಂಗಾಲದ ಸಾಮಾನ್ಯ ಏಕಬಂಧಗಳು, ಪ್ಯಾರಫಿನ್ ಮೇಣದಲ್ಲಿರುವಂಥವು. ಅವುಗಳಲ್ಲಿ ಎಲೆಕ್ಟ್ರಾನ್ ತಂಗಲು ಜಾಗವಿಲ್ಲ. ತುಂಬಿದ ಮಟ್ಟಗಳು ತೀರ ಕೆಳಗಿವೆ, ಖಾಲಿ ಮಟ್ಟಗಳು ತೀರ ಮೇಲಿವೆ. ಆದರೂ ನಡುವೆ ಬಂಧಗಳಿದ್ದಾಗ ಎಲೆಕ್ಟ್ರಾನ್ ನಿರ್ವಾತದಲ್ಲಿ ಹಾಯುವುದಕ್ಕಿಂತ ಎಷ್ಟೋ ಪಾಲು ಸಲೀಸಾಗಿ ಹಾಯುತ್ತದೆ. 1961ರಲ್ಲಿ ಹಾರ್ಡನ್ ಮೆಕಾನೆಲ್ ಕೊಟ್ಟ ವಿವರಣೆ ಇಂದಿಗೂ ನಿಂತಿದೆ: ಎಲೆಕ್ಟ್ರಾನಿನ ಅಲೆ ಆ ದೂರದ ಮಟ್ಟಗಳೊಂದಿಗೆ ಅತ್ಯಲ್ಪವಾಗಿ ಬೆರೆಯುತ್ತದೆ. ಅಲ್ಲಿ ನೆಲೆಸುವುದಿಲ್ಲ, ಅಲ್ಲಿ ಅಳೆದು ಹಿಡಿಯಲಾಗುವುದಿಲ್ಲ, ಆದರೆ ಆ ಬೆರಕೆಯ ಬಲದಿಂದ ಆಚೆ ತುದಿಯೊಂದಿಗೆ ಸಂಬಂಧ ಏರ್ಪಡುತ್ತದೆ. ಬಂಧದೊಳಗೆ ಮೊದಲೇ ಇರುವ ಎಲೆಕ್ಟ್ರಾನ್‌ಗಳೂ ಇದರಲ್ಲಿ ಭಾಗಿಗಳು. ಎಲೆಕ್ಟ್ರಾನ್‌ಗಳಿಗೆ ಪ್ರತ್ಯೇಕ ಗುರುತು ಇಲ್ಲವಾದ್ದರಿಂದ, ಈಚೆಯಿಂದ ಹೊರಟದ್ದೇ ಆಚೆ ತಲುಪಿತೇ ಎಂಬ ಪ್ರಶ್ನೆಗೆ ಅರ್ಥವೇ ಇಲ್ಲ.

1980ರ ದಶಕದ ಕೊನೆಗೆ ಡೇವಿಡ್ ಬೆರಟಾನ್ ಮತ್ತು ಹೋಸೆ ಒನುಚಿಕ್ ಇದನ್ನು ಪ್ರೋಟೀನಿಗೆ ಅನ್ವಯಿಸುವ ಒಂದು ಸರಳ ಲೆಕ್ಕಪದ್ಧತಿ ಹೊಸೆದರು. ಹಳೆಯ ಘಟ್ಟದ ದಾರಿಗಳಲ್ಲಿದ್ದ ಸುಂಕದ ಕಟ್ಟೆಗಳನ್ನು ನೆನೆಸಿಕೊಳ್ಳಿ. ಎಲೆಕ್ಟ್ರಾನ್ ದಾಟುವ ಪ್ರತಿ ಸಹವೇಲೆನ್ಸಿ ಬಂಧವೂ ಒಂದು ಕಟ್ಟೆ. ಅದು ಕೊಡುವ ಮತ್ತು ಪಡೆಯುವ ತುದಿಗಳ ನಡುವಿನ ಸಂಬಂಧದ ಬಲದಲ್ಲಿ ನೂರಕ್ಕೆ ನಲವತ್ತನ್ನು ಕಿತ್ತುಕೊಂಡು ಅರವತ್ತನ್ನು ಬಿಡುತ್ತದೆ. ಹೈಡ್ರೋಜನ್ ಬಂಧದ ಕಟ್ಟೆಯಲ್ಲಿ ಇದರ ಎರಡು ಕಟ್ಟೆಗಳಷ್ಟು ಸುಂಕ. ಬಂಧವೇ ಇಲ್ಲದ ಕಂದಕವನ್ನು ಹಾರಬೇಕಾದರೆ ಸುಂಕ ಅತಿ ದುಬಾರಿ, ಕಂದಕ ಅಗಲವಾದಷ್ಟೂ ಬೆಟ್ಟದಂತೆ ಏರುತ್ತದೆ. ವೇಗವು ಈ ಬಲದ ವರ್ಗಕ್ಕೆ ಅನುಗುಣ. ಹತ್ತು ಬಂಧಗಳ ದಾರಿ ಇಪ್ಪತ್ತು ಬಂಧಗಳ ದಾರಿಯಾದರೆ ವೇಗ ಸುಮಾರು 27 ಸಾವಿರ ಪಟ್ಟು ಕುಸಿಯುತ್ತದೆ. ಪ್ರೋಟೀನಿನ ರಚನೆ ಗೊತ್ತಿದ್ದರೆ ಎರಡು ತುದಿಗಳ ನಡುವೆ ಅತಿ ಕಡಿಮೆ ಸುಂಕದ ದಾರಿ ಯಾವುದೆಂದು ಕಂಪ್ಯೂಟರು ಹುಡುಕಿಕೊಡುತ್ತದೆ.

ಇದನ್ನು ಪ್ರಯೋಗಕ್ಕೆ ಒಡ್ಡಿದವರು ಕ್ಯಾಲಿಫೋರ್ನಿಯ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಹ್ಯಾರಿ ಗ್ರೇ ಮತ್ತು ಜೇ ವಿಂಕ್ಲರ್. ಆ ಲೆಕ್ಕಪದ್ಧತಿಗೂ ಮೊದಲೇ ಶುರುವಾಗಿದ್ದ ಅವರ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕುದುರೆಯ ಹೃದಯದಿಂದ ತೆಗೆದ ಸೈಟೊಕ್ರೋಮ್-ಸಿ ಅವರ ಸಾಮಗ್ರಿ. ಕೆಂಪು ಬಣ್ಣದ ಪುಟ್ಟ ಪ್ರೋಟೀನು, 104 ಅಮೈನೊ ಆಮ್ಲಗಳ ಒಂದು ಸರಪಳಿ, ಒಳಗೆ ಕಬ್ಬಿಣವನ್ನು ಹಿಡಿದ ಹೀಮ್. ನಮ್ಮ ಉಸಿರಾಟದ ಸಾಲಿನಲ್ಲಿ ಎಲೆಕ್ಟ್ರಾನನ್ನು ಕೊನೆಯ ಕಿಣ್ವಕ್ಕೆ ಒಯ್ಯುವುದು ಇದೇ. 1982ರಲ್ಲಿ ಈ ಪ್ರೋಟೀನಿನ ಹೊರಮೈಯಲ್ಲಿ 33ನೆಯ ಸ್ಥಾನದಲ್ಲಿರುವ ಹಿಸ್ಟಿಡಿನ್ ಎಂಬ ಅಮೈನೊ ಆಮ್ಲಕ್ಕೆ ರುಥೇನಿಯಂ ಲೋಹದ ಒಂದು ಸಂಕೀರ್ಣವನ್ನು ಅಂಟಿಸಿ, ಬೆಳಕಿನ ಮಿಂಚಿನಿಂದ ರುಥೇನಿಯಂಗೆ ಎಲೆಕ್ಟ್ರಾನ್ ಕೊಟ್ಟು, ಅದು ಹೀಮ್ ತಲುಪುವುದನ್ನು ಅಳೆದರು. ಸೆಕೆಂಡಿಗೆ ಸುಮಾರು 30 ಬಾರಿ ಆಗುವಷ್ಟು ವೇಗ. ದೂರ 11 ಆಂಗ್‌ಸ್ಟ್ರಾಂ ಮೀರಿತ್ತು. ಪ್ರೋಟೀನಿನ ಒಡಲಿನೊಳಗಿಂದ ಎಲೆಕ್ಟ್ರಾನ್ ಹಾಯುವುದನ್ನು ದೂರ ನಿಶ್ಚಿತವಾಗಿ ಗೊತ್ತಿರುವಾಗ ಕಂಡದ್ದು ಹೀಗೆ.

ಆಮೇಲೆ ರುಥೇನಿಯಂ ಅನ್ನು ಬೇರೆ ಬೇರೆ ಸ್ಥಾನಗಳಿಗೆ ಸರಿಸಿದರು. 39ನೆಯ ಸ್ಥಾನದಿಂದ ಹೀಮ್‌ಗೆ ಸುಮಾರು 12 ಆಂಗ್‌ಸ್ಟ್ರಾಂ. 72ನೆಯ ಸ್ಥಾನದಿಂದ ಬರೀ 8. ಹತ್ತಿರದ್ದೇ ಬೇಗ ಎಂದು ಯಾರಾದರೂ ಹೇಳುತ್ತಾರೆ. ಅಳೆದಾಗ ದೂರದ 39ರಿಂದಲೇ ಎಲೆಕ್ಟ್ರಾನ್ ಮೂರು ಪಟ್ಟಿಗೂ ಹೆಚ್ಚು ವೇಗವಾಗಿ ಬಂತು! 39ರಿಂದ ಹೀಮ್‌ವರೆಗೆ ಬಂಧಗಳ ಚೊಕ್ಕ ದಾರಿಯಿದೆ. 72ರಿಂದ ಬರಬೇಕಾದರೆ ಒಂದೋ ಬಂಧಗಳ ಉದ್ದನೆಯ ಸುತ್ತು, ಇಲ್ಲವೇ ನಡುವೆ ಕಂದಕ. ಆಕಾಶಮಾರ್ಗದ ದೂರವೇ ಎಲ್ಲವೂ ಅಲ್ಲ ಎಂಬುದಕ್ಕೆ ಇದಕ್ಕಿಂತ ನೇರ ಪುರಾವೆ ನನಗೆ ತಿಳಿದಿಲ್ಲ.

ತಾಮ್ರದ ಒಂದು ಪರಮಾಣುವನ್ನು ಹೊತ್ತ ಅಜುರಿನ್ ಎಂಬ ನೀಲಿ ಪ್ರೋಟೀನಿನಲ್ಲೂ ಹೀಗೆ ಅಳೆದರು. ಅಲ್ಲಿ ಸರಪಳಿ ಮಡಚಿಕೊಳ್ಳದೆ ಚಾಚಿಕೊಂಡ ಬೀಟಾ ಎಳೆಗಳ ರೂಪದಲ್ಲಿದೆ, ಬಂಧಗಳು ಸಾಲಾಗಿ ಮುಂದಕ್ಕೇ ಸಾಗುತ್ತವೆ. 16ರಿಂದ 26 ಆಂಗ್‌ಸ್ಟ್ರಾಂವರೆಗೆ ಅಳೆದಾಗ ಪ್ರತಿ 2 ಆಂಗ್‌ಸ್ಟ್ರಾಂಗೆ ವೇಗ ಹತ್ತನೆಯ ಒಂದಕ್ಕೆ ಇಳಿಯುವುದು ಕಂಡಿತು. ಪ್ರೋಟೀನಿನ ಸರಪಳಿ ಎಲ್ಲಿ ಚಾಚಬಹುದು, ಎಲ್ಲಿ ಸುರುಳಿಯಾಗಬಹುದು ಎಂಬುದರ ನಕ್ಷೆಯನ್ನು 1963ರಲ್ಲಿ ಮದರಾಸಿನಲ್ಲಿ ಬರೆದುಕೊಟ್ಟವರು ಜಿ. ಎನ್. ರಾಮಚಂದ್ರನ್ ಮತ್ತು ಸಂಗಡಿಗರು. ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಶಿಷ್ಯರಾಗಿದ್ದವರು, ಮುಂದೆ ಅಲ್ಲಿಯೇ ಅಣು ಜೀವಭೌತ ವಿಭಾಗವನ್ನು ಕಟ್ಟಿದವರು. ಎಲೆಕ್ಟ್ರಾನಿನ ದಾರಿ ಹುಡುಕುವ ಯಾರೂ ಆ ನಕ್ಷೆಯ ಋಣದಿಂದ ಹೊರಗಿಲ್ಲ. ಸರಪಳಿಯ ಪ್ರತಿ ತಿರುವೂ ಅದರಲ್ಲಿರುವ ಎರಡು ಕೋನಗಳಿಂದ ನಿಶ್ಚಯವಾಗುತ್ತದೆ.

ಎಲ್ಲರೂ ಇದನ್ನು ಒಪ್ಪಿದರೆಂದು ತಿಳಿಯಬೇಡಿ. ಚಾನ್ಸ್ ಕೆಲಸ ಮಾಡಿದ್ದ ಪೆನ್ಸಿಲ್ವೇನಿಯದಲ್ಲೇ ಲೆಸ್ ಡಟನ್ ಮತ್ತು ಕ್ರಿಸ್ ಮೋಸರ್ ಪೂರ್ತಿ ಬೇರೆ ಕಡೆಯಿಂದ ಬಂದರು. ಒಂದು ಪ್ರೋಟೀನನ್ನು ಹಿಡಿದು ದಾರಿ ಹುಡುಕುವುದು ಬಿಟ್ಟು, ರಚನೆ ಗೊತ್ತಿರುವ ಎಲೆಕ್ಟ್ರಾನ್ ಸಾಗಿಸುವ ಪ್ರೋಟೀನುಗಳನ್ನೆಲ್ಲ ಒಟ್ಟಿಗೆ ಹರಡಿಕೊಂಡು ಕೇಳಿದರು: ಜೀವ ವಿಕಾಸ ಯಾವುದನ್ನು ತಿದ್ದಿದೆ? ದಾರಿಯನ್ನೋ, ದೂರವನ್ನೋ? 1992ರಲ್ಲೂ, ಮತ್ತೆ 1999ರಲ್ಲೂ ಅವರು ಪ್ರಕಟಿಸಿದ ಉತ್ತರ: ದೂರವನ್ನು. ಉಪಯುಕ್ತವಾದ ಎಲೆಕ್ಟ್ರಾನ್ ಜಿಗಿತಗಳ ದಾರಿಯಲ್ಲಿ ಬಂಧಗಳ ವಿಶೇಷ ಜೋಡಣೆ ಕಾಣಲಿಲ್ಲ, ಪ್ರೋಟೀನಿನ ಉಳಿದ ಭಾಗದಂತೆಯೇ ಇತ್ತು. ಆದರೆ ದೂರ ಮಾತ್ರ ಹೆಚ್ಚುಕಡಿಮೆ ಎಲ್ಲೆಲ್ಲೂ 14 ಆಂಗ್‌ಸ್ಟ್ರಾಂ ಒಳಗೇ ಇತ್ತು.

ಈ ಸಂಖ್ಯೆಯ ಮಹತ್ವ ತಿಳಿಯಲು ಅವರ ಸೂತ್ರವನ್ನೇ ಬಳಸೋಣ. ಶಕ್ತಿಯ ಹೊಂದಾಣಿಕೆ ಅತ್ಯುತ್ತಮವಾಗಿದ್ದರೆ, 14 ಆಂಗ್‌ಸ್ಟ್ರಾಂ ದೂರವನ್ನು ಎಲೆಕ್ಟ್ರಾನ್ ಸೆಕೆಂಡಿಗೆ ಸುಮಾರು 60 ಲಕ್ಷ ಬಾರಿ ದಾಟಬಲ್ಲದು. ಅದೇ 25 ಆಂಗ್‌ಸ್ಟ್ರಾಂ ಆದರೆ ಸೆಕೆಂಡಿಗೆ ಒಂದೆರಡು ಬಾರಿ. ಕಿಣ್ವಗಳು ಸಾಮಾನ್ಯವಾಗಿ ತಮ್ಮ ಒಂದು ಸುತ್ತಿನ ಕೆಲಸವನ್ನು ಮಿಲಿಸೆಕೆಂಡುಗಳಲ್ಲಿ ಮುಗಿಸುತ್ತವೆ. 14ರ ಒಳಗಿದ್ದರೆ ಎಲೆಕ್ಟ್ರಾನಿಗಾಗಿ ಕಾಯಬೇಕಿಲ್ಲ. 25 ದಾಟಿದರೆ ಎಲೆಕ್ಟ್ರಾನ್ ಬರುವುದೇ ಇಲ್ಲ ಎಂದುಕೊಳ್ಳಬಹುದು. ಈ ಹನ್ನೊಂದು ಆಂಗ್‌ಸ್ಟ್ರಾಂಗಳ ಅಂತರದಲ್ಲಿ ಜೀವ ತನ್ನ ವಿದ್ಯುತ್ತನ್ನು ಆನ್ ಮತ್ತು ಆಫ್ ಮಾಡುತ್ತದೆ.

ನನಗೆ ಎರಡೂ ಗುಂಪಿನವರು ಬೇರೆ ಬೇರೆ ಪ್ರಶ್ನೆಗಳಿಗೆ ಸರಿಯುತ್ತರ ಕೊಟ್ಟಂತೆ ಕಾಣುತ್ತದೆ. ಒಂದು ಪ್ರೋಟೀನಿನ ಎರಡು ಬಿಂದುಗಳನ್ನು ಹೋಲಿಸಿದರೆ ಬಂಧಗಳ ದಾರಿ ನಿರ್ಣಾಯಕ; 72 ಮತ್ತು 39ರ ಕಥೆಯನ್ನು ಅಲ್ಲಗಳೆಯಲಾಗದು. ಆದರೆ ಪ್ರೋಟೀನನ್ನು ರೂಪಿಸುವ ಹಂತದಲ್ಲಿ ಜೀವಕ್ಕೆ ದಾರಿಯನ್ನು ನಯಗೊಳಿಸುವ ಅಗತ್ಯವೇ ಬಂದಿಲ್ಲ, ದೂರವನ್ನು ಸರಿಯಾಗಿಟ್ಟರೆ ಸಾಕಾಗಿದೆ. ಒಂದೊಂದು ಅಮೈನೊ ಆಮ್ಲ ಬದಲಾದಾಗಲೂ ಕುಸಿಯುವ ನಾಜೂಕಿನ ವ್ಯವಸ್ಥೆ ಕೋಟಿ ವರ್ಷ ಬಾಳುತ್ತಿರಲಿಲ್ಲ.

ಹೀಗಾಗಿ ಪ್ರೋಟೀನನ್ನು ತಂತಿ ಎಂದು ಕರೆಯುವುದು ನನಗೆ ಒಪ್ಪಿಗೆಯಿಲ್ಲ. ತಂತಿಯ ಕೆಲಸ ಬಿಡುವುದು. ಪ್ರೋಟೀನಿನ ಮುಖ್ಯ ಕೆಲಸ ತಡೆಯುವುದು. ಅದು ಲೋಹದ ಕೇಂದ್ರಗಳನ್ನು ಬೇಕಾದ ಕಡೆ 14ರ ಒಳಗೆ ತಂದಿಡುತ್ತದೆ, ಬೇಡವಾದ ಕಡೆ ಕೈಗೆಟುಕದಷ್ಟು ದೂರ ಇಡುತ್ತದೆ. ಜೊತೆಗೆ ಕೇಂದ್ರದ ಸುತ್ತ ನೀರನ್ನು ದೂರವಿಟ್ಟು, ಜೋಡಣೆ ಕದಲದಂತೆ ಹಿಡಿದು, ಪುನರ್ವಿನ್ಯಾಸ ಶಕ್ತಿಯನ್ನು ಇಳಿಸುತ್ತದೆ. ಅಜುರಿನ್‌ನಲ್ಲಿ ಅದು ಸುಮಾರು 0.7ರಿಂದ 0.8 ಎಲೆಕ್ಟ್ರಾನ್ ವೋಲ್ಟ್. ಪ್ರೋಟೀನಿನ ಆಸರೆಯಿಲ್ಲದೆ ನೀರಿನಲ್ಲಿರುವ ತಾಮ್ರದ ಸಂಕೀರ್ಣಗಳಲ್ಲಿ ಅದರ ಎಷ್ಟೋ ಪಟ್ಟು. ಎಲೆಕ್ಟ್ರಾನ್ ಬಂದಾಗಲೂ ಹೋದಾಗಲೂ ಅಜುರಿನ್‌ನ ತಾಮ್ರದ ಸುತ್ತಲಿನ ಬಂಧಗಳು ಬದಲಾಗುವುದು ಅತಿ ಅಲ್ಪ. ಗ್ರೇ ಅವರ ತಂಡ 2001ರಲ್ಲಿ ಅದೇ ಅಳತೆಗಳನ್ನು ದ್ರಾವಣದ ಬದಲು ಅಜುರಿನ್‌ನ ಹರಳಿನೊಳಗೆ ಮಾಡಿದಾಗ ವೇಗದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಪ್ರೋಟೀನು ದೊಡ್ಡದಾಗಿ ಅಲುಗಾಡಬೇಕಿಲ್ಲ.

ಕೇಂದ್ರಗಳನ್ನು 14ರ ಒಳಗೆ ಇಡುವ ಈ ಕ್ರಮವನ್ನು ಉಸಿರಾಟದ ಸರಣಿಯ ಮೊದಲ ಕಿಣ್ವ ಕಾಂಪ್ಲೆಕ್ಸ್-1 ಅಚ್ಚುಕಟ್ಟಾಗಿ ತೋರಿಸುತ್ತದೆ. ಆಹಾರದಿಂದ ಬಂದ ಎಲೆಕ್ಟ್ರಾನ್ ಅದರ ಒಂದು ತುದಿಯಲ್ಲಿ ಒಳಹೊಕ್ಕು ಸುಮಾರು 90 ಆಂಗ್‌ಸ್ಟ್ರಾಂ ಸಾಗಿ ಇನ್ನೊಂದು ತುದಿ ಸೇರಬೇಕು. ಒಂದೇ ನೆಗೆತದಲ್ಲಿ ಅದು ಅಸಾಧ್ಯ. 2006ರಲ್ಲಿ ಕೇಂಬ್ರಿಜ್‌ನ ಲಿಯೊನಿಡ್ ಸಜಾನೊವ್ ಮತ್ತು ಫಿಲಿಪ್ ಹಿಂಚ್ಲಿಫ್ ಬಿಸಿನೀರಿನ ಬುಗ್ಗೆಯ ಒಂದು ಬ್ಯಾಕ್ಟೀರಿಯದಲ್ಲಿ ಈ ಭಾಗದ ರಚನೆಯನ್ನು ಬಿಡಿಸಿದಾಗ, ಕಬ್ಬಿಣ ಮತ್ತು ಗಂಧಕದ ಏಳು ಗೊಂಚಲುಗಳು ಸಾಲಾಗಿ ಕೂತಿರುವುದು ಕಂಡಿತು. ಯಾವ ಎರಡು ಪಕ್ಕದ ಗೊಂಚಲುಗಳ ಅಂಚಿನಿಂದ ಅಂಚಿಗೂ 14 ಆಂಗ್‌ಸ್ಟ್ರಾಂ ಮೀರಿಲ್ಲ. ಇನ್ನೂ ಸ್ವಾರಸ್ಯವೆಂದರೆ ಎಲ್ಲ ಮೆಟ್ಟಿಲುಗಳೂ ಇಳಿಜಾರಾಗಿರಬೇಕಿಲ್ಲ. ಬ್ಲಾಸ್ಟೊಕ್ಲೋರಿಸ್ ಎಂದು ಈಗ ಕರೆಯುವ ನೇರಳೆ ಬ್ಯಾಕ್ಟೀರಿಯದ ದ್ಯುತಿಸಂಶ್ಲೇಷಣಾ ಕೇಂದ್ರದಲ್ಲಿ ನಾಲ್ಕು ಹೀಮ್‌ಗಳ ಸಾಲಿದೆ. ಅವುಗಳ ವಿದ್ಯುನ್ಮಟ್ಟ ಒಮ್ಮೆ ಏರು, ಒಮ್ಮೆ ಇಳಿ. ದೂರ ಕಡಿಮೆಯಿದ್ದರೆ ನಡುವೆ ಒಂದು ಏರು ಬಂದರೂ ಎಲೆಕ್ಟ್ರಾನ್ ಅದನ್ನು ದಾಟಿ ಸಮಯಕ್ಕೆ ತಲುಪುತ್ತದೆ.

ಆ ದ್ಯುತಿಸಂಶ್ಲೇಷಣಾ ಕೇಂದ್ರದ ರಚನೆಗಾಗಿ ಡೈಸನ್‌ಹೋಫರ್, ಹ್ಯೂಬರ್, ಮಿಶೆಲ್ 1988ರಲ್ಲಿ ನೊಬೆಲ್ ಪಡೆದರು. ಅಂಥ ಕೇಂದ್ರಗಳಲ್ಲಿ ಬೆಳಕು ಬಿದ್ದ 3 ಪಿಕೊಸೆಕೆಂಡಿನಲ್ಲಿ ಎಲೆಕ್ಟ್ರಾನ್ ಮೊದಲ ನಿಲುಗಡೆ ತಲುಪುತ್ತದೆ, 200 ಪಿಕೊಸೆಕೆಂಡಿನಲ್ಲಿ ಎರಡನೆಯದನ್ನು, ಅಂದರೆ ಕ್ವಿನೋನ್ ಎಂಬ ಬಗೆಯ ಎರಡು ಅಣುಗಳಲ್ಲಿ ಮೊದಲನೆಯದನ್ನು. ಅಲ್ಲಿಂದ ಮುಂದಿನ ಕ್ವಿನೋನಿಗೆ ಹೋಗಲು ಸುಮಾರು 100 ಮೈಕ್ರೊಸೆಕೆಂಡ್. ಹಿಂದಕ್ಕೆ ಹೊರಟ ಜಾಗಕ್ಕೇ ಬೀಳಲು ಸುಮಾರು 100 ಮಿಲಿಸೆಕೆಂಡ್. ಮುಂದಿನ ದಾರಿ ಹಿಂದಿನ ದಾರಿಗಿಂತ ಸಾವಿರ ಪಟ್ಟು ಬೇಗ. ಹೀರಿದ ಬೆಳಕಿನ ಕಣಗಳಲ್ಲಿ ಹೆಚ್ಚುಕಡಿಮೆ ಒಂದೂ ಪೋಲಾಗದಿರುವುದು ಇದರಿಂದ. ಹಿಂದಕ್ಕೆ ಬೀಳುವುದನ್ನು ನಿಧಾನಗೊಳಿಸುವುದರಲ್ಲಿ ದೂರಕ್ಕೆ ದೊಡ್ಡ ಪಾಲು. ಮಾರ್ಕಸ್‌ನ ವಿಲೋಮ ವಲಯಕ್ಕೂ ಪಾಲಿದೆ. ಅಂದು ನಂಬಲಾಗದಿದ್ದ ಆ ಇಳಿಜಾರು ಹಸಿರೆಲೆಯ ಅನ್ನದ ಹಿಂದಿದೆ.

ಇಲ್ಲಿಯವರೆಗೆ ನಿಲುಗಡೆಗಳೆಲ್ಲ ಲೋಹಗಳೋ ವರ್ಣಕಗಳೋ ಆಗಿದ್ದವು. ಪ್ರೋಟೀನಿನ ಸ್ವಂತ ಅಮೈನೊ ಆಮ್ಲಗಳೇ ನಿಲುಗಡೆಯಾಗಬಲ್ಲವೇ? ಬಹುತೇಕ ಅಮೈನೊ ಆಮ್ಲಗಳಿಂದ ಎಲೆಕ್ಟ್ರಾನ್ ಕೀಳುವುದು ಕಷ್ಟ. ಟ್ರಿಪ್ಟೊಫಾನ್ ಮತ್ತು ಟೈರೊಸಿನ್ ಮಾತ್ರ, ಸಾಕಷ್ಟು ಬಲವಾದ ಸೆಳೆತವಿದ್ದರೆ, ಒಂದನ್ನು ಬಿಟ್ಟುಕೊಡುತ್ತವೆ. 2008ರಲ್ಲಿ ಗ್ರೇ ತಂಡ ಅಜುರಿನ್‌ನ 124ನೆಯ ಸ್ಥಾನಕ್ಕೆ ರೀನಿಯಂ ಲೋಹದ ಸಂಕೀರ್ಣ ಅಂಟಿಸಿ, 122ರಲ್ಲಿ ಒಂದು ಟ್ರಿಪ್ಟೊಫಾನ್ ಇರಿಸಿತು. ತಾಮ್ರದಿಂದ ರೀನಿಯಂಗೆ 19 ಆಂಗ್‌ಸ್ಟ್ರಾಂ. ಲೇಸರ್ ಹೊಡೆದಾಗ ಮೊದಲು ಟ್ರಿಪ್ಟೊಫಾನಿನಿಂದ ಎಲೆಕ್ಟ್ರಾನ್ ಹೊರಟಿತು, ಆ ತೆರವನ್ನು ತಾಮ್ರದ ಎಲೆಕ್ಟ್ರಾನ್ ತುಂಬಿತು. ಒಂದೇ ಜಿಗಿತಕ್ಕೆ ಹೋಲಿಸಿದರೆ ನೂರು ಪಟ್ಟಿಗೂ ಹೆಚ್ಚು ವೇಗ. ಆ ಒಂದು ಟ್ರಿಪ್ಟೊಫಾನನ್ನು ತೆಗೆದು ಟೈರೊಸಿನ್ನೋ ಫಿನೈಲಾಲನಿನ್ನೋ ಇಟ್ಟಾಗ ಆ ವೇಗ ಉಳಿಯಲಿಲ್ಲ.

ನಿಸರ್ಗ ಇದನ್ನು ಬಹಳ ಹಿಂದೆಯೇ ಬಳಸಿಕೊಂಡಿದೆ. ಡಿಎನ್‌ಎಯ ಬಿಡಿಭಾಗಗಳನ್ನು ತಯಾರಿಸುವ ರೈಬೊನ್ಯೂಕ್ಲಿಯೊಟೈಡ್ ರಿಡಕ್ಟೇಸ್ ಎಂಬ ಕಿಣ್ವದಲ್ಲಿ ಒಂದು ಟೈರೊಸಿನ್ ಮೇಲೆ ಕೂತ ತೆರವು ಪ್ರೋಟೀನಿನ ಒಂದು ತುಂಡಿನಿಂದ ಇನ್ನೊಂದು ತುಂಡಿಗೆ, 30 ಆಂಗ್‌ಸ್ಟ್ರಾಂ ಮೀರಿದ ದೂರವನ್ನು, ಟೈರೊಸಿನ್‌ಗಳ ಮೇಲೆ ಹೆಜ್ಜೆಯಿಡುತ್ತ ಕ್ರಮಿಸುತ್ತದೆ. ಅಮೆರಿಕದ ಎಂಐಟಿಯ ಜೋಆನ್ ಸ್ಟಬ್ ದಶಕಗಳ ಶ್ರಮದಿಂದ ಆ ಹೆಜ್ಜೆಗಳನ್ನು ಒಂದೊಂದಾಗಿ ಗುರುತಿಸಿದರು. ಈ ಜಿಗಿತಗಳಲ್ಲಿ ಎಲೆಕ್ಟ್ರಾನ್ ಒಂಟಿಯಾಗಿ ಹೋಗುವುದಿಲ್ಲ, ಪ್ರತಿ ಸಲ ಒಂದು ಪ್ರೋಟಾನ್ ಕೂಡ ಪಕ್ಕದಲ್ಲೇ ಸರಿಯುತ್ತದೆ. ಕೋಶ ಇಬ್ಭಾಗವಾಗುವ ಮೊದಲು ತನ್ನ ಡಿಎನ್‌ಎಯನ್ನು ನಕಲು ಮಾಡಿಕೊಳ್ಳಲು ಬೇಕಾದ ಸಾಮಗ್ರಿ ಸಿಗುವುದು ಇದರಿಂದ.

2015ರಲ್ಲಿ ಗ್ರೇ ಮತ್ತು ವಿಂಕ್ಲರ್ ಇನ್ನೊಂದು ಪ್ರಸ್ತಾಪ ಮುಂದಿಟ್ಟರು. ನಾವು ನುಂಗುವ ಮಾತ್ರೆಗಳನ್ನು ಯಕೃತ್ತಿನಲ್ಲಿ ಒಡೆಯುವ ಪಿ-450 ಕಿಣ್ವಗಳನ್ನು ತೆಗೆದುಕೊಳ್ಳಿ. ಅವು ಆಮ್ಲಜನಕವನ್ನು ಬಳಸಿ ತಮ್ಮ ಹೀಮ್ ಮೇಲೆ ಅತ್ಯುಗ್ರವಾದ ಒಂದು ಸ್ಥಿತಿಯನ್ನು ಸೃಷ್ಟಿಸುತ್ತವೆ, ಅದು ಎದುರಿಗೆ ಸಿಕ್ಕ ಅಣುವಿನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. ಆದರೆ ಒಡೆಯಬೇಕಾದ ಅಣು ಆ ಕ್ಷಣ ಸರಿಯಾದ ಜಾಗದಲ್ಲಿಲ್ಲದಿದ್ದರೆ? ಆಗ ಅದು ಕಿಣ್ವವನ್ನೇ ಸುಡುತ್ತದೆ. ಇಂಥ ಅನೇಕ ಕಿಣ್ವಗಳ ರಚನೆಯಲ್ಲಿ ಹೀಮ್‌ನ ಬಳಿಯಿಂದ ಹೊರಮೈವರೆಗೆ ಟ್ರಿಪ್ಟೊಫಾನ್ ಮತ್ತು ಟೈರೊಸಿನ್‌ಗಳ ಸಾಲುಗಳು ಕಾಣಸಿಗುತ್ತವೆ. ಅವು ಅಪಾಯದ ಸಮಯದಲ್ಲಿ ತೆರವನ್ನು ಹೊರಕ್ಕೆ ಸಾಗಿಸಿ ಕಿಣ್ವವನ್ನು ಉಳಿಸುವ ದಾರಿಗಳು ಎಂಬುದು ಅವರ ವಾದ. ಈ ದಾರಿ ತುಂಬ ವೇಗವಾಗಿದ್ದರೆ ಕಿಣ್ವ ತನ್ನ ಕೆಲಸ ಮಾಡುವ ಮೊದಲೇ ಬಲ ಸೋರಿಹೋಗುತ್ತದೆ, ತುಂಬ ನಿಧಾನವಾದರೆ ಕಿಣ್ವ ಸಾಯುತ್ತದೆ. ಕೆಲಸಕ್ಕಿಂತ ನಿಧಾನ, ನಾಶಕ್ಕಿಂತ ಬೇಗ: ಹೀಮ್‌ನಿಂದ ಮೊದಲ ಟ್ರಿಪ್ಟೊಫಾನ್‌ವರೆಗಿನ ಆಂಗ್‌ಸ್ಟ್ರಾಂಗಳ ಎಣಿಕೆ ಈ ಎರಡರ ನಡುವೆ ಬೀಳಬೇಕು. ಒಂದೊಂದೇ ಟ್ರಿಪ್ಟೊಫಾನನ್ನು ಬದಲಿಸಿ, ಕಿಣ್ವ ಎಷ್ಟು ಸುತ್ತು ಬದುಕುತ್ತದೆ ಎಂದು ಎಣಿಸುವ ಪ್ರಯೋಗಗಳಿಂದ ಈ ವಾದವನ್ನು ಒರೆಗೆ ಹಚ್ಚಬಹುದು. ಹಿಂದಿನ ಸಾಲಿನ ವಿದ್ಯಾರ್ಥಿಗಳೆ, ಅಂಥ ಕೆಲಸಕ್ಕೆ ಬೇಕಾದ ರಸಾಯನಶಾಸ್ತ್ರವನ್ನು ನೀವು ಈಗಾಗಲೇ ಕಲಿಯತೊಡಗಿದ್ದೀರಿ.